ಹನ್ನೊಂದು ದಿನದ ಹಾಲು

ಜಾಲ್ಸೂರಿನ ಕಮಲಾವತಿಗೆ ಒಂದೇ ಮದುವೆಗೆ ಎರಡು ಕಾಗದ ಬಂದವು. ಮದುವೆಯ ಆಮಂತ್ರಣಕ್ಕೆ ಈ ಕಡೆ ಕಾಗದ ಎಂದೇ ಹೆಸರು. ಮೊದಲನೆಯದನ್ನು ಕಡಬದ ಕಬೀರ್ ಯಾರದೋ ಕೈಯಲ್ಲಿ ಕಳಿಸಿದ್ದ. ಮಗಳು ಆಯಿಶತ್ ಶಿಫಾಳ ಮದುವೆ, ತಪ್ಪಿಸಬಾರದು ಎಂದು ಫೋನಿನಲ್ಲೂ ಹೇಳಿದ್ದ. ಕಮಲಾವತಿ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿಗೊಂದು ಸುತ್ತು ಹಾಕಿ, ಕಾಗದವನ್ನು ಟೀವಿಯ ಹಿಂದೆ ಸಿಕ್ಕಿಸಿದಳು. ಗಂಡಿನ ಹೆಸರು ಓದುವ ಗೋಜಿಗೆ ಹೋಗಲಿಲ್ಲ.

ನಾಲ್ಕು ದಿನ ಬಿಟ್ಟು ಕಬಕದಿಂದ ಕದೀಜಮ್ಮ ಬಂದರು, ಎಪ್ಪತ್ತೈದರ ಮಂಡಿನೋವನ್ನು ಹೊತ್ತುಕೊಂಡು, ಎರಡು ಬಸ್ಸು ಬದಲಿಸಿ. ಹಿಂದೆ ಅವರದು ಇದೇ ಜಾಲ್ಸೂರಿನಲ್ಲಿ ಕಮಲಾವತಿಯ ಪಕ್ಕದ ಮನೆ. ಕಬಕಕ್ಕೆ ಹೋಗಿ ಹತ್ತು ವರ್ಷವಾಯಿತು. ತಾಯಿ ತೀರಿಹೋದ ಮೊಮ್ಮಗ ಮಿದ್ಲಾಜನನ್ನು ಸಾಕಿ ದೊಡ್ಡ ಮಾಡಿದ ಅಜ್ಜಿ ಅವರು. ಅವನ ಮದುವೆಯ ಕಾಗದವನ್ನು ಇನ್ನೊಬ್ಬರ ಕೈಯಲ್ಲಿ ಕಳಿಸಿದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ.

ಕಮಲಾವತಿ ಎಂದರೆ ಯಾರೆಂದು ಸ್ವಲ್ಪ ಹೇಳಬೇಕು. ಅವಳು ಬಾಣಂತಿ ಮೀಯಿಸುವವಳು. ಹೆರಿಗೆಯಾದ ಮನೆಗೆ ಬೆಳಿಗ್ಗೆ ಹೋಗಿ, ತಾಯಿಗೆ ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಹೊಯ್ದು, ಮಗುವನ್ನು ನೀಡಿದ ಕಾಲಿನ ಮೇಲೆ ಮಲಗಿಸಿ ತೀಡಿ ಮೀಯಿಸಿ, ನಿದ್ದೆ ಹತ್ತಿಸಿ ಬರುವ ಕೆಲಸ. ಒಂದು ಮನೆಗೆ ನಲವತ್ತು ದಿನ. ಅತ್ತೆಯಿಂದ ಕಲಿತ ಕೈ ಅದು. ಜಾಲ್ಸೂರಿನಿಂದ ಸುಳ್ಯದವರೆಗೆ ಅವಳ ಕಾಲ ಮೇಲೆ ಮಲಗದ ಮಕ್ಕಳು ಕಡಿಮೆ. ಅವರಲ್ಲಿ ಕೆಲವರು ಈಗ ಮೀಸೆ ಗಡ್ಡ ಬಂದು, ಮೊಬೈಲಿನಲ್ಲಿ ಒಬ್ಬರ ದೇವರನ್ನು ಇನ್ನೊಬ್ಬರು ಬೈದುಕೊಂಡು ಕೂರುತ್ತಾರೆ. ಕಮಲಾವತಿಗೆ ಅದನ್ನು ಕೇಳಿದರೆ ನಗು. ಇವನ ತಲೆ ದುಂಡಗೆ ಮಾಡಿದ್ದೂ ನಾನೇ, ಅವನ ಮೂಗು ನೆಟ್ಟಗೆ ಮಾಡಿದ್ದೂ ನಾನೇ, ಇಬ್ಬರೂ ನನ್ನ ಸೀರೆಯ ಮೇಲೆ ಉಚ್ಚೆ ಹೊಯ್ದವರೇ ಎನ್ನುತ್ತಾಳೆ.

ಅವಳಿಗೊಂದು ಹೆಮ್ಮೆ ಇತ್ತು, ಅದನ್ನು ಮುಚ್ಚಿಟ್ಟವಳೂ ಅಲ್ಲ. ಎಲ್ಲ ಮನೆಯ ರೀತಿ ರಿವಾಜು ತನಗೆ ಗೊತ್ತು ಎಂಬುದು. ಬ್ಯಾರಿ ಮುಸ್ಲಿಮರಲ್ಲಿ ಹುಟ್ಟಿದ ಮಗುವಿನ ಕಿವಿಯಲ್ಲಿ ಬಾಂಗು ಹೇಳುತ್ತಾರೆ, ಏಳನೇ ದಿನ ಕೂದಲು ತೆಗೆಯುತ್ತಾರೆ. ಭಟ್ಟರ ಮನೆಯಲ್ಲಿ ಹತ್ತು ದಿನ ಕಳೆಯುವವರೆಗೆ ಬಾಣಂತಿ ಮುಟ್ಟಿದ ಪಾತ್ರೆ ಒಳಗೆ ಹೋಗಬಾರದು. ಕ್ರೈಸ್ತರ ಮನೆಯಲ್ಲಿ ತಲೆಗೆ ನೀರು ಹೊಯ್ಯಿಸುವ ದಿನ ಬಿಳಿ ಅಂಗಿ ಇಸ್ತ್ರಿ ಮಾಡಿ ಇಟ್ಟಿರಬೇಕು. ಅವಳದೇ ಗೌಡರ ಮನೆಗಳಲ್ಲಿ ಒಂದೊಂದು ಕುಟುಂಬಕ್ಕೆ ಒಂದೊಂದು ಕಟ್ಟು. ಇದನ್ನೆಲ್ಲ ಯಾರೂ ಬರೆದು ಕೊಟ್ಟದ್ದಲ್ಲ, ಬಚ್ಚಲಿನ ಹೊಗೆಯಲ್ಲಿ ಕೂತು ಕಲಿತದ್ದು. ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ಬ್ಯಾರಿಗಳ ಮನೆಯಲ್ಲಿ ಬ್ಯಾರಿ ಭಾಷೆ. ಅವಳ ಬ್ಯಾರಿ ಭಾಷೆ ಕೇಳಿ ಆ ಮನೆಯ ಹೆಂಗಸರು ಹೊಟ್ಟೆ ಹಿಡಿದು ನಗುತ್ತಿದ್ದರು, ಆದರೆ ಬಾಣಂತಿಗೆ ಬೇರೆ ಯಾರನ್ನೂ ಕರೆಯುತ್ತಿರಲಿಲ್ಲ.

ಇಂಥವಳು ಕದೀಜಮ್ಮ ಕೊಟ್ಟ ಕಾಗದವನ್ನು ಕನ್ನಡಕ ಹಾಕಿ ಓದಿದಳು. ತಾರೀಕು ಪರಿಚಯದ್ದು. ಕಬಕದ ಸಭಾಭವನದ ಹೆಸರೂ ಪರಿಚಯದ್ದು. ಎದ್ದು ಹೋಗಿ ಟೀವಿಯ ಹಿಂದಿನ ಕಾಗದವನ್ನು ತಂದು ಪಕ್ಕಕ್ಕೆ ಇಟ್ಟು ನೋಡಿದಳು. ಮಿದ್ಲಾಜ್, ಆಯಿಶತ್ ಶಿಫಾ. ಎರಡರಲ್ಲೂ ಅದೇ ಎರಡು ಹೆಸರು. ಅವಳಿಗೆ ಖುಷಿ ತಡೆಯಲಾಗಲಿಲ್ಲ. ಕಡಬದಲ್ಲಿದ್ದಾಗ ಬೆಳೆಸಿದ ಕೂಸು, ಜಾಲ್ಸೂರಿನಲ್ಲಿ ಬೆಳೆಸಿದ ಕೂಸು, ಎರಡೂ ತಾವಾಗಿಯೇ ಹುಡುಕಿಕೊಂಡು ಹೋಗಿ ಜೋಡಿಯಾಗುವುದೆಂದರೆ.

"ಈ ಹುಡುಗಿಯೂ ನನ್ನದೇ ಕದೀಜಮ್ಮ" ಎಂದಳು. "ನಿಮ್ಮ ಮಿದ್ಲಾಜನೂ ನನ್ನ ಹಾಲು ಕುಡಿದವ, ಇವಳೂ ನನ್ನ ಹಾಲು ಕುಡಿದವಳು. ಇನ್ನೆಂತ ಬೇಕು ಹೇಳಿ."

ಕದೀಜಮ್ಮ ಹಲಸಿನ ಹಪ್ಪಳ ಮುರಿಯುತ್ತಿದ್ದವರು ನಿಲ್ಲಿಸಿದರು. ಯಾವ ಹುಡುಗಿ ಎಂದು ಕೇಳಿದರು. ಈ ಮದುವೆಯ ಹುಡುಗಿಯೇ ಎಂದಾಗ ಇನ್ನೊಮ್ಮೆ ಕೇಳಿದರು. ಎದೆಹಾಲೇ ಹೌದಾ, ದನದ ಹಾಲು ಅಲ್ಲವಾ ಎಂದು ಮೂರನೇ ಸಲ ಕೇಳಿದರು. ಮುರಿದ ಹಪ್ಪಳವನ್ನು ತಟ್ಟೆಯಲ್ಲಿಟ್ಟು, ಕೈಯನ್ನು ಸೆರಗಿಗೆ ಒರಸಿಕೊಂಡು, ಎಷ್ಟು ದಿವಸ ಕೊಟ್ಟದ್ದು ಎಂದರು.

ಕಮಲಾವತಿಗೆ ಅದು ಕಪಾಳಕ್ಕೆ ಹೊಡೆದಂತಾಯಿತು. ಮಿದ್ಲಾಜ್ ಹುಟ್ಟಿದಾಗ ಅವನ ತಾಯಿಗೆ ಎದೆಯಲ್ಲಿ ಕೀವಾಗಿ ಜ್ವರ ಬಂದು, ಇದೇ ಕದೀಜಮ್ಮ ಬೇಲಿಯಾಚೆಯಿಂದ ಕೂಸನ್ನು ಎತ್ತಿ ಕೊಟ್ಟಿದ್ದರು. ಆಗ ಕಮಲಾವತಿಯ ಮಗ ಉದಯನಿಗೆ ಮೂರು ತಿಂಗಳು. ಎರಡು ತಿಂಗಳು ಒಂದು ಎದೆ ಉದಯನಿಗೆ, ಒಂದು ಎದೆ ಮಿದ್ಲಾಜನಿಗೆ. ಆಗ ಬೇಕಾಗಿದ್ದ ಹಾಲು ಈಗ ಬೇಡವಾಯಿತೋ, ಸೊಸೆಯಾಗಿ ಬರುವವಳು ಗೌಡ್ತಿಯ ಹಾಲು ಕುಡಿದದ್ದು ಹೇಸಿಗೆಯಾಯಿತೋ ಎಂದು ಅವಳು ನೇರವಾಗಿ ಕೇಳಿಯೇಬಿಟ್ಟಳು. ಇಪ್ಪತ್ತೇಳು ವರ್ಷದ ಸ್ನೇಹದಲ್ಲಿ ಅಂಥ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಕದೀಜಮ್ಮ ಹಣೆ ಚಚ್ಚಿಕೊಂಡರು. "ಹೇಸಿಗೆ ಅಲ್ಲ ಮಾರಾಯ್ತಿ. ನಮ್ಮಲ್ಲಿ ಒಬ್ಬಳ ಎದೆಹಾಲು ಕುಡಿದ ಮಕ್ಕಳು ಅಣ್ಣ ತಂಗಿ ಆಗುದು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಹಾಗೆ. ಅವರಿಗೆ ಮದುವೆ ಇಲ್ಲ."

"ಆದ್ರೆ ನಾನು ನಿಮ್ಮ ಜಾತಿ ಅಲ್ಲವಲ್ಲ."

"ಹಾಲಿಗೆ ಅದಿಲ್ಲ" ಎಂದರು ಕದೀಜಮ್ಮ.

ಕಮಲಾವತಿ ಕೂತಲ್ಲೇ ಕೂತಳು. ಕೈಯಲ್ಲಿ ಎರಡೂ ಕಾಗದಗಳಿದ್ದವು. ಎಲ್ಲರ ಮನೆಯ ಎಲ್ಲ ಕಟ್ಟುಕಟ್ಟಳೆ ಬಲ್ಲೆ ಎಂದು ಊರಿಡೀ ಹೇಳಿಕೊಂಡು ತಿರುಗಿದವಳಿಗೆ ಈ ಒಂದು ಮಾತು ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಅಷ್ಟು ವರ್ಷ ಅಷ್ಟು ಮನೆಯ ಬಚ್ಚಲಿನಲ್ಲಿ ಕೂತು ಬಂದವಳ ಗತಿ ಇದಾದರೆ, ಬಾಗಿಲಿನಾಚೆ ನಿಂತು ಎಲ್ಲ ಗೊತ್ತುಂಟು ಎನ್ನುವವರ ಗತಿ ಏನೋ. ಮದುವೆಗೆ ಒಂಬತ್ತು ದಿನ ಉಳಿದಿತ್ತು.

ಕದೀಜಮ್ಮನಿಂದ ವಿಷಯ ತಿಳಿದು ಮರುದಿನ ಬೆಳಿಗ್ಗೆ ಕಬೀರ್ ಬಂದ. ಕಡಬದಲ್ಲಿ ರಬ್ಬರ್ ಶೀಟು, ಕಾಳುಮೆಣಸು ಕೊಳ್ಳುವ ಅಂಗಡಿಯವನು, ಮೆತ್ತಗೆ ಮಾತಾಡುವ ಮನುಷ್ಯ. ಅವತ್ತು ಅಂಗಳದಲ್ಲೇ ನಿಂತು ಕೂಗಿದ. ಗಂಡನ ಕೆಲಸದ ಮೇಲೆ ಕಮಲಾವತಿ ಕಡಬದಲ್ಲಿದ್ದ ಎರಡು ವರ್ಷ ಅವನ ಮನೆಯ ಹಿಂದಿನ ಬಾಡಿಗೆ ಬಿಡಾರದಲ್ಲೇ ಇದ್ದದ್ದು. ಶಿಫಾ ಹುಟ್ಟಿದಾಗ ಅವನ ಹೆಂಡತಿಗೆ ರಕ್ತಸ್ರಾವ ನಿಲ್ಲದೆ ಮಂಗಳೂರಿಗೆ ಕರೆದುಕೊಂಡು ಹೋಗಬೇಕಾಗಿ ಬಂತು. ಅವನೂ ಅಲ್ಲೇ ಆಸ್ಪತ್ರೆಯಲ್ಲಿದ್ದ. ಕೂಸು ಅವನ ತಾಯಿಯ ಹತ್ತಿರ. ಡಬ್ಬಿ ಹಾಲು ಹಿಡಿಸದೆ ಕಮಲಕ್ಕ ಒಂದೆರಡು ಸಲ ಹಾಲು ಕೊಟ್ಟರು ಎಂದು ತಾಯಿ ಹೇಳಿದ್ದು ಅವನಿಗೆ ನೆನಪಿತ್ತು. ಅದು ಅಷ್ಟೇ ಎಂದು ಅವನು ತಿಳಿದಿದ್ದ. ಇನ್ನೊಂದು ಬ್ಯಾರಿ ಮಗುವಿಗೂ ಕೊಟ್ಟಿದ್ದೇನೆ ಎಂದು ಒಂದು ದಿನವಾದರೂ ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ಕೇಳಿದ. ಹೇಳಲಿಕ್ಕೆ ಇದೊಂದು ವಿಷಯ ಎಂದು ಅವಳಿಗೆ ಗೊತ್ತಿದ್ದರೆ ತಾನೇ. ಕೂಗಿ ಕೂಗಿ ಸುಸ್ತಾಗಿ, ಕಬೀರ್ ಮೆಟ್ಟಿಲಿನ ಮೇಲೆ ಕೂತು ಅತ್ತ. ಗಂಡಸರು ಹಾಗೆ ಅಳುವುದನ್ನು ಕಮಲಾವತಿ ಸಾವಿನ ಮನೆಯಲ್ಲಿ ಮಾತ್ರ ನೋಡಿದ್ದಳು.

ಅವನ ಕೂಗು ರಸ್ತೆಗೆ ಕೇಳಿಸಿತ್ತು. ಸಂಜೆಯೊಳಗೆ ಸುದ್ದಿಗೆ ಕೈಕಾಲು ಬಂದವು. ಒಂದು ಕಡೆಯ ವಾಟ್ಸಾಪ್ ಗುಂಪಿನಲ್ಲಿ, ನಮ್ಮ ಹುಡುಗಿಯ ಮದುವೆ ಮುರಿಯಲು ಬೇಕೆಂದೇ ಯಾರೋ ಆ ಹೆಂಗಸಿನಿಂದ ಹೇಳಿಸಿದ್ದಾರೆ ಎಂದು ಬಂತು. ಇನ್ನೊಂದು ಕಡೆಯ ಗುಂಪಿನಲ್ಲಿ, ನಮ್ಮ ತಾಯಿಯ ಹಾಲು ಕುಡಿದು ನಮ್ಮ ಮನೆಯಂಗಳಕ್ಕೇ ಬಂದು ಬೈಯುವಷ್ಟಾಯಿತೇ ಎಂದು ಬಂತು. ಬರೆದವರಲ್ಲಿ ಒಬ್ಬನಿಗೂ ವಿಷಯ ಏನೆಂದು ಗೊತ್ತಿರಲಿಲ್ಲ. ಅದು ಅವರ ಸಿಟ್ಟಿಗೆ ಏನೂ ಅಡ್ಡಿ ಮಾಡಲಿಲ್ಲ.

ಉದಯ ಜಾಲ್ಸೂರು ಸ್ಟ್ಯಾಂಡಿನಲ್ಲಿ ರಿಕ್ಷಾ ಓಡಿಸುವವನು. ಮಧ್ಯಾಹ್ನವೇ ಇಬ್ಬರು ಬಂದು ಅವನ ಹೆಗಲಿಗೆ ಕೈಹಾಕಿ, ನಿನ್ನ ತಾಯಿಗೆ ಅವಮಾನ ಆಗಿದೆ, ಒಂದು ಮಾತು ಹೇಳು ಸಾಕು, ನಾವಿದ್ದೇವೆ ಎಂದರಂತೆ. ಅವನು ಆ ಒಂದು ಮಾತು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಮನೆಗೆ ಬಂದು ತಾಯಿಯ ಮುಂದೆ ನಿಂತ. ಅವನಿಗೂ ಇದೆಲ್ಲ ಹೊಸದೇ. ನನ್ನ ಪಾಲಿನ ಹಾಲನ್ನು ನೀನು ಅವನಿಗೆ ಕೊಟ್ಟದ್ದಾ ಎಂದು ಕೇಳಿದ. ಮಿದ್ಲಾಜನ ಜೊತೆ ಸಣ್ಣವನಿರುವಾಗ ಇದೇ ಅಂಗಳದಲ್ಲಿ ಕ್ರಿಕೆಟ್ ಆಡಿದವನು, ಈಗ ವರ್ಷಗಳಿಂದ ಎದುರು ಸಿಕ್ಕರೆ ತಲೆ ಆಡಿಸುವಷ್ಟೇ. ನಿನಗೆ ಕಡಿಮೆಯಾಗಿರಲಿಲ್ಲ ಎಂದಳು ಕಮಲಾವತಿ.

ಮೂರನೇ ದಿನ ಮಿದ್ಲಾಜ್ ಬೈಕಿನಲ್ಲಿ ಬಂದ. ಪುತ್ತೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು, ತೆಳ್ಳಗಿನ ಹುಡುಗ. ಅವನ ಮೂಗು ಈಗಲೂ ಅವಳು ತೀಡಿ ನೆಟ್ಟಗೆ ಮಾಡಿದ ಹಾಗೇ ಇತ್ತು. ಅವನು ಹೊಸದೊಂದು ವಿಷಯ ಹೇಳಿದ. ಮಸೀದಿಯ ಉಸ್ತಾದರನ್ನು ಕೇಳಿದ್ದಾರಂತೆ. ಒಂದೆರಡು ಸಲ ಕುಡಿದರೆ ಸಂಬಂಧ ಆಗುವುದಿಲ್ಲ, ಬೇರೆ ಬೇರೆಯಾಗಿ ಐದು ಸಲ ಕುಡಿದಿರಬೇಕು. ಅವನದು ಎರಡು ತಿಂಗಳು, ಅದಕ್ಕೆ ಏನೂ ಮಾಡುವ ಹಾಗಿಲ್ಲ. ಆದರೆ ಶಿಫಾಳದು ಎಷ್ಟು ಸಲ ಎಂದು ತಿಳಿದಿದ್ದವರು ಇಬ್ಬರೇ. ಕಬೀರನ ತಾಯಿ, ಅವರು ತೀರಿಹೋಗಿ ಎಂಟು ವರ್ಷ. ಇನ್ನೊಬ್ಬಳು ಕಮಲಾವತಿ.

"ನಾಲ್ಕು ಹೇಳಿ ಕಮಲಕ್ಕ" ಎಂದ. "ನಾಲ್ಕು ಹೇಳಿದ್ರೆ ನಾವು ಬದುಕ್ತೇವೆ."

ಅವಳು ಅವನ ತಲೆ ಸವರಿ ಆಯಿತು ಎಂದಳು. ಅಷ್ಟು ಸುಲಭವಾಗಿ ಹೇಳಿದಳು. ಅವನ ಬೈಕು ತಿರುವು ದಾಟಿದ ಮೇಲೆ ಗಂಡ ಮೇದಪ್ಪ ಒಳಗಿನಿಂದ ಬಂದು, ಸರಿಯಾಗಿಯೇ ಹೇಳಿದೆ ಎಂದ. ಮೇದಪ್ಪ ಮರದ ಮಿಲ್ಲಿನಲ್ಲಿ ದುಡಿದು ಕಿವಿ ಮಂದವಾದ ಮನುಷ್ಯ, ತನಗೆ ಬೇಕಾದ್ದು ಮಾತ್ರ ಕೇಳಿಸುತ್ತದೆ. ನಮ್ಮಲ್ಲಿ ಇಂಥ ಕಟ್ಟಳೆ ಇಲ್ಲ, ನಾಲ್ಕಾದರೂ ಒಂದೇ ನಲವತ್ತಾದರೂ ಒಂದೇ, ಸುಳ್ಳಿನಿಂದ ನಮಗೆ ಪಾಪ ಇಲ್ಲ, ಎರಡು ಮನೆ ಉಳಿಯುತ್ತದೆ, ಆ ಗುಂಪಿನವರ ಬಾಯಿಯೂ ಮುಚ್ಚುತ್ತದೆ ಎಂದು ವಾದ ಮಾಡಿದ. ವಾದದಲ್ಲಿ ಎಲ್ಲೂ ತೂತಿರಲಿಲ್ಲ. ಕೊನೆಗೆ, ಅಷ್ಟಕ್ಕೂ ನೀನು ಕೊಟ್ಟದ್ದೇ ಒಂದೆರಡು ಸಲ ಇರಬೇಕು, ನಿನಗೆ ಆವಾಗ ಹಾಲಾದರೂ ಎಲ್ಲಿತ್ತು, ಅಮ್ಮ ಮಲ್ಲಿಗೆ ಕಟ್ಟಿ ಬತ್ತಿಸಿದ್ದಲ್ಲವೇ ಎಂದ.

ಆಗ ಕಮಲಾವತಿ ಇಪ್ಪತ್ಮೂರು ವರ್ಷ ಯಾರಿಗೂ ಹೇಳದ್ದನ್ನು ಗಂಡನಿಗೆ ಹೇಳಿದಳು.

ಕಡಬದಲ್ಲಿದ್ದಾಗ ಅವಳಿಗೆ ಒಂದು ಹೆಣ್ಣು ಹುಟ್ಟಿ, ಮೂರನೇ ದಿನ ಹೋಗಿತ್ತು. ಅದು ಮೇದಪ್ಪನಿಗೂ ಗೊತ್ತು, ಅಡಿಕೆ ಹಾಳೆಯಲ್ಲಿ ಇಟ್ಟುಕೊಂಡು ಹೋದವನೇ ಅವನು. ಮಗು ಹೋದರೂ ಹಾಲಿಗೆ ಸುದ್ದಿ ಮುಟ್ಟಿರಲಿಲ್ಲ. ಎದೆ ಕಲ್ಲಾಗಿ, ಸೀರೆ ಒದ್ದೆಯಾಗಿ, ಮೈಯೆಲ್ಲ ಜ್ವರ. ಅತ್ತೆ ಊರಿನಿಂದ ಬಂದು, ಎದೆಗೆ ಮಲ್ಲಿಗೆ ಕಟ್ಟಿದರೆ ಹಾಲು ಬತ್ತುತ್ತದೆ ಎಂದು ಪೇಟೆಯಿಂದ ಹೂ ತರಿಸಿದರು. ಅದನ್ನು ಕಟ್ಟುವ ಮೊದಲು ಹಿತ್ತಿಲಿನ ಬಾಗಿಲಲ್ಲಿ ಕಬೀರನ ತಾಯಿ ಬಂದು ನಿಂತರು, ಕೈಯಲ್ಲಿ ಅಳಲಿಕ್ಕೂ ಶಕ್ತಿಯಿಲ್ಲದ ಕೂಸು. ನಿನ್ನನ್ನು ಈ ಹೊತ್ತಿನಲ್ಲಿ ಕೇಳಬಾರದು, ಆದರೂ ಕೇಳುತ್ತೇನೆ ಎಂದರು. ಅವರ ಕಣ್ಣು ಕೆಳಗೇ ಇತ್ತು. ಕಮಲಾವತಿ ಕೈ ನೀಡಿದಳು.

ಆಮೇಲೆ ದಿನವೂ. ಅತ್ತೆ ತೋಡಿಗೆ ಬಟ್ಟೆ ಒಗೆಯಲು ಹೋದಾಗ, ಊಟ ಮಾಡಿ ಮಲಗಿದಾಗ, ದಿನಕ್ಕೆ ಐದು ಸಲ, ಆರು ಸಲ. ಸೂತಕದ ಮನೆಯಿಂದ ಹೊರಗೆ ಕಾಲಿಡಬಾರದು ಎಂದು ಅತ್ತೆಯ ಕಟ್ಟಪ್ಪಣೆ, ಆದ್ದರಿಂದ ಕೂಸೇ ಬಚ್ಚಲಿನ ಹಿಂದಿನಿಂದ ಬರುತ್ತಿತ್ತು. ಅತ್ತೆ ಕಟ್ಟಿದ ಮಲ್ಲಿಗೆಯನ್ನು ಅವಳು ಬಿಚ್ಚಿ ಮಡಕೆಯಲ್ಲಿಡುತ್ತಿದ್ದಳು, ಕೂಸು ಹೋದ ಮೇಲೆ ಮತ್ತೆ ಕಟ್ಟಿಕೊಳ್ಳುತ್ತಿದ್ದಳು. ಆ ದಿನಗಳಲ್ಲಿ ಅವಳಿಗೆ ಹುಚ್ಚು ಹಿಡಿಯದೆ ಉಳಿದದ್ದು ಆ ಕೂಸಿನ ಬಾಯಿಂದ. ಹನ್ನೆರಡನೇ ದಿನ ಕಬೀರನ ಹೆಂಡತಿ ಮಂಗಳೂರಿನಿಂದ ಬಂದಳು. ಅವತ್ತು ಕಮಲಾವತಿ ಮಲ್ಲಿಗೆಯನ್ನು ಬಿಚ್ಚಲಿಲ್ಲ, ಮತ್ತು ಅವತ್ತೇ ಮೊದಲ ಸಲ ತನ್ನ ಸತ್ತ ಮಗಳಿಗಾಗಿ ಅತ್ತಳು.

ಮೇದಪ್ಪನಿಗೆ ಎಲ್ಲವೂ ಕೇಳಿಸಿತ್ತು. ಇಷ್ಟು ವರ್ಷ ಒಂದೇ ಚಾಪೆಯಲ್ಲಿ ಮಲಗಿದವಳು ಇದನ್ನು ಹೊತ್ತುಕೊಂಡೇ ಮಲಗಿದ್ದಳೇ ಎಂದು ಅವನಿಗೆ ಅನ್ನಿಸಿರಬೇಕು. ಆದರೂ ನಾಲ್ಕೇ ಹೇಳು ಎಂದ. ಹಾಗೇ ಹೇಳುತ್ತೇನೆ ಎಂದಳು ಅವಳು. ಹೇಳುವುದೆಂದೇ ನಿಶ್ಚಯ ಮಾಡಿದ್ದಳು. ತನ್ನದು ಬರೀ ಒಂದು ಸಂಖ್ಯೆ, ಆ ಮಕ್ಕಳದು ಬದುಕು.

ಮದುವೆಗೆ ಐದು ದಿನ ಇರುವಾಗ ಎರಡೂ ಮನೆಯವರು ಉಸ್ತಾದರನ್ನು ಕರೆದುಕೊಂಡು ಜಾಲ್ಸೂರಿಗೆ ಬಂದರು. ಬೆಳಿಗ್ಗೆ ಹತ್ತು ಗಂಟೆ. ಜಗಲಿಯಲ್ಲಿ ಉದಯ ಪ್ಲಾಸ್ಟಿಕ್ ಕುರ್ಚಿ ಹಾಕಿದ. ಉಸ್ತಾದರು, ಕಬೀರ್, ಅವನ ಹೆಂಡತಿ, ಕದೀಜಮ್ಮ. ಶಿಫಾ ಬೇಡವೆಂದರೂ ಹಟ ಹಿಡಿದು ಬಂದಿದ್ದಳಂತೆ, ಗೋಡೆಯ ಪಕ್ಕದ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಮಿದ್ಲಾಜ್ ಜಗಲಿ ಹತ್ತಲಿಲ್ಲ, ಅಂಗಳದಲ್ಲಿ ಉದಯನ ರಿಕ್ಷಾಕ್ಕೆ ಒರಗಿ ನಿಂತ. ರಸ್ತೆಯಲ್ಲಿ ಎರಡು ಬೈಕು ನಿಧಾನ ಮಾಡಿ ಇಣುಕಿ ಹೋದವು. ಉದಯ ಗೇಟಿನ ಹತ್ತಿರ ಹೋಗಿ ನಿಂತು, ಮೂರನೇ ಬೈಕಿನವರಿಗೆ, ಇದು ನಮ್ಮ ಮನೆಯೊಳಗಿನ ವಿಷಯ, ನೀವು ಹೋಗಿ ಎಂದ. ಹೆಗಲಿಗೆ ಕೈಹಾಕಿದ್ದ ಇಬ್ಬರೇ ಅವರು.

ಉಸ್ತಾದರು ನಡುವಯಸ್ಸಿನವರು, ಮಾತಿನಲ್ಲಿ ಆತುರವಿಲ್ಲ. ಕಮಲಾವತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನಾಲ್ಕು ಎಂಬ ಮಾತು ನಾಲಗೆಯ ತುದಿಯಲ್ಲೇ ಇತ್ತು. ಆಣೆ ಮಾಡಿಸಿದರೆ ಯಾವ ದೇವರ ಮೇಲೆ ಮಾಡಬೇಕು, ಅವರದ್ದೋ ನಮ್ಮದ್ದೋ ಎಂದು ಬೆಳಗಿನಿಂದ ಯೋಚಿಸಿ, ಅವರ ದೇವರ ಮೇಲಾದರೆ ತನಗೆ ತಟ್ಟಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದಳು.

"ಸಾಕ್ಷಿಗೆ ಕಿತಾಬಿನಲ್ಲಿ ಬೇರೆ ಬೇರೆ ಕ್ರಮ ಉಂಟು" ಎಂದರು ಉಸ್ತಾದರು. "ಆದ್ರೆ ಈ ಎರಡು ಮನೆಯವರೂ ನಿಮ್ಮ ಮಾತೇ ಸಾಕು ಅಂತ ಹೇಳಿದ್ದಾರೆ. ನಾನು ಆಣೆ ಕೇಳುದಿಲ್ಲ. ನೀವು ಎಷ್ಟು ಅಂತ ಹೇಳ್ತೀರೋ ಅಷ್ಟು. ನಾಳೆ ಯಾರೂ ತಿರುಗಿ ಕೇಳ್ಲಿಕ್ಕಿಲ್ಲ."

ಕಮಲಾವತಿ ಕಬೀರನ ಕಡೆ ನೋಡಿದಳು. ಮೂರು ದಿನದ ಹಿಂದೆ ಈ ಅಂಗಳದಲ್ಲಿ ನಿಂತು ಊರಿಗೆ ಕೇಳುವ ಹಾಗೆ ಕೂಗಿದವನು ಅವನೇ. ಹೌದು ಎಂದು ತಲೆಯಾಡಿಸಿದ. ಅವನ ಹೆಂಡತಿಯೂ ಆಡಿಸಿದಳು. ಕಮಲಾವತಿ ಬೈಗುಳಕ್ಕೆ ಸಿದ್ಧವಾಗಿದ್ದಳು, ಆಣೆಗೆ ಸಿದ್ಧವಾಗಿದ್ದಳು, ಅಡ್ಡ ಪ್ರಶ್ನೆಗಳಿಗೂ ಉತ್ತರ ಕಟ್ಟಿಟ್ಟಿದ್ದಳು. ಇವರು ತಮ್ಮ ಪಾಪ ಪುಣ್ಯವನ್ನೆಲ್ಲ ತಂದು, ಬೇರೆ ದೇವರಿಗೆ ಕೈಮುಗಿಯುವ ತನ್ನ ಮಡಿಲಿಗೆ ಹಾಕಿ ಸುಮ್ಮನೆ ಕೂತುಬಿಡುತ್ತಾರೆ ಎಂದು ಅವಳು ಎಣಿಸಿರಲಿಲ್ಲ. ಇಂಥ ನಂಬಿಕೆಯನ್ನು ತಡೆದುಕೊಳ್ಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ನಾಲ್ಕು ಎನ್ನಲು ಬಾಯಿ ತೆರೆದಳು. ತೆರೆದ ಬಾಯಿಗೆ ಬಂದದ್ದು ಮಲ್ಲಿಗೆಯ ವಾಸನೆ, ಮಡಕೆಯಲ್ಲಿ ಬಾಡಿದ ಆ ಮಲ್ಲಿಗೆ.

"ನಾನು ಎಣಿಸಿದ್ದು ಸಲ ಅಲ್ಲ, ದಿನ" ಎಂದಳು. "ಹನ್ನೊಂದು ದಿನ. ದಿನಕ್ಕೆ ಐದಾರು ಸಲ. ನನ್ನ ಹೆಣ್ಣು ಮಗು ಸತ್ತು ಹೋಗಿತ್ತು, ಅದರ ಹಾಲನ್ನು ಇವಳಿಗೆ ಕೊಟ್ಟದ್ದು. ನಾಲ್ಕು ಹೇಳುದು ಅಂತಲೇ ಇದ್ದೆ. ಆಗುದಿಲ್ಲ."

ಕಬೀರನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಸ್ಪತ್ರೆಯಿಂದ ಬಂದ ದಿನ ಕೂಸು ಮೈ ತುಂಬಿಕೊಂಡಿದ್ದದ್ದು ಡಬ್ಬಿ ಹಾಲಿನಿಂದ ಎಂದೇ ಅವಳು ಇಷ್ಟು ವರ್ಷ ನಂಬಿದ್ದವಳು. ಅಂಗಳದಲ್ಲಿ ಮಿದ್ಲಾಜ್ ರಿಕ್ಷಾದ ಕಂಬಿ ಹಿಡಿದುಕೊಂಡ. ಉಸ್ತಾದರು ಕಣ್ಣು ಮುಚ್ಚಿ ತೆರೆದು, ಹಾಗಾದರೆ ಈ ಮದುವೆ ಇಲ್ಲ ಎಂದರು. ಅಷ್ಟೇ ಹೇಳಿದರು.

ಎಲ್ಲರ ಸಿಟ್ಟು ತನ್ನ ಮೇಲೆ ಬೀಳುತ್ತದೆ ಎಂದು ಕಮಲಾವತಿ ಕಾದಳು. ಆದರೆ ಮಾತು ಬಂದದ್ದು ಕದೀಜಮ್ಮನಿಂದ, ಅದೂ ಅವಳಿಗಲ್ಲ, ಕಬೀರನಿಗೆ. "ತಪ್ಪು ಇವಳದ್ದಲ್ಲ, ನಮ್ಮದು. ನಮ್ಮವಳೊಬ್ಬಳು ಹಾಲು ಕೊಟ್ಟಿದ್ರೆ ಆವತ್ತೇ ಊರಿಗೆಲ್ಲ ಹೇಳ್ತಿದ್ದೆವು, ಇವಳು ಮಗುವಿನ ತಾಯಿ ಅಂತ. ಯಾರ್ಯಾರಿಗೆ ಕೊಟ್ಟಿದ್ದಾಳೆ ಅಂತ ನೆನಪಿಡ್ತಿದ್ದೆವು. ಇವಳು ಗೌಡ್ತಿ ಅಲ್ವಾ. ಹಾಲು ತಗೊಂಡೆವು, ತಾಯಿ ಅಂತ ಎಣಿಸ್ಲಿಲ್ಲ."

ಎರಡು ಮನೆಯವರೂ ಇಪ್ಪತ್ತು ಇಪ್ಪತ್ತೈದು ವರ್ಷ ಕಮಲಕ್ಕನಿಗೆ ಪೆರ್ನಾಲ್ ಹಬ್ಬಕ್ಕೆ ಬಿರಿಯಾನಿ ಕಳಿಸಿದ್ದರು, ಸೀರೆ ಕೊಟ್ಟಿದ್ದರು, ಎದುರು ಸಿಕ್ಕಲ್ಲೆಲ್ಲ ನಕ್ಕು ಮಾತಾಡಿದ್ದರು. ಕಮಲಾವತಿಯೂ ಅಷ್ಟೇ, ದೀಪಾವಳಿಗೆ ಅವಲಕ್ಕಿ ಕಟ್ಟಿ ಕಳಿಸಿದ್ದಳು. ಬೇರೆ ಬೇರೆ ದೇವರ ಜನ ಹತ್ತಿರ ಹತ್ತಿರ ಬದುಕಿದ್ದರಿಂದ ಎರಡು ಕೂಸು ಉಳಿದವು. ಹತ್ತಿರವಿದ್ದೂ ಒಬ್ಬರನ್ನೊಬ್ಬರು ನೆರೆಯವರೆಂದಷ್ಟೇ ಎಣಿಸಿದ್ದರಿಂದ ಅದೇ ಎರಡು ಕೂಸುಗಳ ಎದೆ ಒಡೆಯಿತು. ಇದನ್ನು ಹೇಗೆ ಕೂಡಿಸಿ ಕಳೆದರೂ ಒಂದು ಕಡೆಗೆ ನಿಲ್ಲುವುದಿಲ್ಲ.

ಹೊರಡಲು ಎಲ್ಲರೂ ಎದ್ದಾಗ ಮಿದ್ಲಾಜ್ ಮೊದಲ ಸಲ ಬಾಯಿಬಿಟ್ಟ. ಅಂಗಳದಲ್ಲಿ ನಿಂತೇ ಉಸ್ತಾದರನ್ನು ಕೇಳಿದ. "ಹಾಗಾದ್ರೆ ಈಗ ನಾನು ಅವಳ ಹತ್ರ ಕೂತು ಮಾತಾಡ್ಬಹುದಾ?"

ಉಸ್ತಾದರು ಅವನ ಮುಖವನ್ನು ಒಂದು ಗಳಿಗೆ ನೋಡಿದರು. "ತಂಗಿ ಅಲ್ವಾ" ಎಂದರು. "ಅದಕ್ಕೆ ಯಾರನ್ನೂ ಕೇಳ್ಬೇಕಂತ ಇಲ್ಲ."

ನಿಶ್ಚಯವಾದ ಏಳು ತಿಂಗಳಲ್ಲಿ ಆ ಇಬ್ಬರನ್ನು ಒಂದು ದಿನವೂ ತಮ್ಮಷ್ಟಕ್ಕೆ ಕೂರಲು ಬಿಟ್ಟಿರಲಿಲ್ಲ. ಈಗ ಹಿರಿಯರೆಲ್ಲ ಒಬ್ಬೊಬ್ಬರಾಗಿ ಜಗಲಿ ಇಳಿದು ಅಂಗಳಕ್ಕೆ ಹೋದರು. ಮಿದ್ಲಾಜ್ ಚಪ್ಪಲಿ ಬಿಟ್ಟು ಹತ್ತಿ ಬಂದು, ಶಿಫಾ ಕೂತಿದ್ದ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಕೇಳಿ ಪಡೆದ ಅಪ್ಪಣೆ ಅದು, ಆದರೆ ಇಬ್ಬರೂ ಮಾತಾಡಲಿಲ್ಲ. ಅವನು ತನ್ನ ಕೈಯ ಉಗುರು ನೋಡುತ್ತಿದ್ದ, ಅವಳು ನೆಲ ನೋಡುತ್ತಿದ್ದಳು. ಕಮಲಾವತಿಗೆ ಅದನ್ನು ನೋಡಲಾಗಲಿಲ್ಲ. ಒಳಗೆ ಹೋಗಿ ಎರಡು ಲೋಟ ಚಹಾ ತಂದಳು, ಆದರೆ ಯಾರಿಗೆ ಮೊದಲು ಕೊಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತಳು.

ಶಿಫಾ ತಲೆಯೆತ್ತಿದಳು. ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಗಟ್ಟಿಯಿತ್ತು.

"ಆ ಮಗುವಿಗೆ ಎಂತ ಹೆಸರು ಇಟ್ಟದ್ದು?"

ಕಮಲಾವತಿಗೆ ಮೊದಲು ಅರ್ಥವಾಗಲಿಲ್ಲ. ಕೇಳಿದ್ದು ತನ್ನ ಸತ್ತ ಮಗಳ ಬಗ್ಗೆ ಎಂದು ಆಮೇಲೆ ಹೊಳೆಯಿತು. ಇಪ್ಪತ್ಮೂರು ವರ್ಷದಲ್ಲಿ ಗಂಡ ಕೇಳಿರಲಿಲ್ಲ, ಅತ್ತೆ ಕೇಳಿರಲಿಲ್ಲ, ಊರಿನ ಯಾರೂ ಕೇಳಿರಲಿಲ್ಲ. ಮೂರು ದಿನದ ಮಗುವಿಗೆ ಹೆಸರೆಲ್ಲಿಯದು ಎಂದು ಅವಳೂ ತನ್ನನ್ನು ಕೇಳಿಕೊಂಡಿರಲಿಲ್ಲ.

"ಇಡ್ಲಿಲ್ಲ ಮಗಾ" ಎಂದಳು. "ಇಡುವ ಮೊದಲೇ ಹೋಯಿತು."

ಶಿಫಾ ಅವಳ ಕೈಯಿಂದ ಲೋಟ ತೆಗೆದುಕೊಂಡು ಒಂದನ್ನು ಮಿದ್ಲಾಜನ ಕಡೆ ಸರಿಸಿದಳು. ಬೆಂಚಿನ ಮೇಲೆ ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಇತ್ತು. ಕಮಲಾವತಿ ಅಲ್ಲಿ ಕೂತಳು.